ಮೇಜಿನ ನಡುವಿನ ಕೇಕು

"ಘಮ್ಮಂತಿದೆ ಅಲ್ವೇನೆ? ಬೀದಿ ತುದಿಯವರೆಗೂ ಹೋಗಿರತ್ತೆ ಈ ವಾಸನೆ!"

ಓವನ್ನಿನಿಂದ ಕೇಕಿನ ಪದರಗಳನ್ನು ಒಂದೊಂದಾಗಿ ಹೊರಗೆಳೆಯುತ್ತ ಬೊಟಿಲ್ಲಾ ಹೆಮ್ಮೆಯಿಂದ ಹೇಳಿದರು. ಕಾಫಿ ಬಟ್ಟಲುಗಳ ಬುಟ್ಟಿ ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಸೊಸೆ ವೀಬ್ಕೆಯ ಕಾಲು ಅಲ್ಲೇ ಕಚ್ಚಿಕೊಂಡಿತು. ವಾಸನೆ ಬರುತ್ತಿತ್ತು, ನಿಜ. ಆದರೆ ಅದು ಘಮವಲ್ಲ... ಕಮಟು! ಅರೆದು ಹಾಕಿದ ಹೇಝಲ್ ಬೀಜ ಹಳೆಯದಾಗಿ ಎಣ್ಣೆ ಕೆಟ್ಟರೆ ಬರುವ, ಗಂಟಲಿನ ಹಿಂದೆ ಅಂಟಿಕೊಳ್ಳುವ ವಾಸನೆ. ಕೋಣೆಯ ಆ ತುದಿಯಲ್ಲಿ ಕೂತು, ಈ ತುದಿಯಲ್ಲಿ ಯಾರ ಬೆಣ್ಣೆ ಎಷ್ಟು ಸೀದಿದೆ ಎಂದು ಹೇಳುತ್ತಿದ್ದ ಅತ್ತೆ, ಆ ಪದರಗಳ ಮೇಲೆ ಬಗ್ಗಿ ಉಸಿರೆಳೆದುಕೊಂಡು ನಗುತ್ತಿದ್ದರು.

"ಅತ್ತೆ..." ಎಂದಳು ವೀಬ್ಕೆ.

"ಏನು? ನಿನ್ನ ಮುಖ ಯಾಕೆ ಹುಳಿ ಹಾಲಿನ ಹಾಗಾಯ್ತು? ನಿನ್ನ ಕೇಕಿಗೆ ಈ ಸಲಾನೂ ಮೇಜಿನ ಮೇಲೆ ಜಾಗ ಸಿಗಲ್ಲ ಅಂತಲಾ? ಬಟ್ಟಲು ಇಟ್ಟು ನಡಿ, ಅಸ್ಮುಸ್ ಕಾರು ತಂದಾಯ್ತು."

ಹೊರಗೆ ವೀಬ್ಕೆಯ ಗಂಡ ಅಸ್ಮುಸ್ ಹಾರ್ನ್ ಬಾರಿಸುತ್ತಿದ್ದ. ಮುಂದಿನ ಸೀಟಿನಲ್ಲಿ ಅತ್ತೆಯ ಬಾಲ್ಯದ ಗೆಳತಿ ಹಾನ್ಸಿನೆ ಆಗಲೇ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಾಗಿತ್ತು. ಹಿಂದೆ ವೀಬ್ಕೆಯ ಮಗಳು ಸಿಲ್ಲೆ. ಬಾಯಿಗೆ ಬಂದ ಮಾತನ್ನು ವೀಬ್ಕೆ ನುಂಗಿಕೊಂಡಳು.

ಗಡಿ ಪಕ್ಕದ ಗ್ರೋಸ್ಟೆನ್ ಊರಿನ ಕಡೆ ಹೆಣ್ಣಿನ ಮಾನ ಇರುವುದು ಕಾಫಿ ಮೇಜಿನ ಮೇಲೆ. ಸೇಬು ಕೊಯ್ಯುವ ದಿನಗಳ ಒಂದು ಭಾನುವಾರ ಬಂಧುಬಳಗ, ಸ್ನೇಹಿತರೆಲ್ಲ ಬೊಟಿಲ್ಲಾರ ಮನೆಯಲ್ಲಿ ಸೇರುತ್ತಾರೆ. ಮೆತ್ತನೆಯ ಕೇಕುಗಳು ಒಂದು ಕಡೆ, ಗರಿಗರಿ ಬಿಸ್ಕತ್ತುಗಳು ಇನ್ನೊಂದು ಕಡೆ, ಬಂದವರು ಒಂದನ್ನೂ ಬಿಡದೆ ರುಚಿ ನೋಡಲೇಬೇಕು. ಮನೆತನದ ಪ್ರತಿ ಹೆಂಗಸೂ ತನ್ನ ಕೈಯಾರೆ ಒಂದು ಮಾಡಿ ತರಬೇಕು. ಅಂಗಡಿಯಿಂದ ಕೊಂಡು ತಂದವಳ ಕಥೆ ಕ್ರಿಸ್ಮಸ್ಸಿನವರೆಗೂ ಊರಿನ ಬಾಯಲ್ಲಿ ಅಗಿಯಲ್ಪಡುತ್ತದೆ! ಎಲ್ಲದರ ನಡುವೆ, ಎತ್ತರದ ಗಾಜಿನ ತಟ್ಟೆಯ ಮೇಲೆ, ವಾರ ಒಣಗಿಸಿದ ರೈ ಧಾನ್ಯದ ಬ್ರೆಡ್ಡಿನ ಪುಡಿ ಮತ್ತು ಹೇಝಲ್ ಬೀಜದ ಪದರಗಳಿಗೆ ಕೆನೆ, ಕರಂಟ್ ಹಣ್ಣಿನ ಜಾಮು ಮೆತ್ತಿದ ದೊಡ್ಡ ಕೇಕು. ಅದು ಮನೆಯ ಹಿರಿಯಳದು. ಅಂದರೆ ಬೊಟಿಲ್ಲಾರದು.

ವೀಬ್ಕೆಯೂ ಅದನ್ನೇ ಮಾಡುತ್ತಿದ್ದಳು, ಮದುವೆಯಾದ ವರ್ಷದಿಂದಲೂ. ಅವಳ ಅಜ್ಜಿ ಕಲಿಸಿದ್ದ ಕೇಕು. ಅಜ್ಜಿ ಗಡಿಯಾಚೆಯ ದೇಶದ ಫ್ಲೆನ್ಸ್‌ಬರ್ಗಿನವಳು, ವೀಬ್ಕೆಯೂ ಅಲ್ಲಿಯವಳೇ. ಅದೇ ಅವಳ ಅಪರಾಧ. "ಗಡಿಯಾಚೆಯಿಂದ ಬಿಯರು ತರಬಹುದು, ಮಿಠಾಯಿ ತರಬಹುದು. ಸೊಸೇನ ತರಬಾರದು" ಎಂದು ಮದುವೆಯ ದಿನ ಬೊಟಿಲ್ಲಾ ಆಡಿದ ಮಾತಿಗೆ ಊರೇ ನಕ್ಕಿತ್ತು. ಅಂದಿನಿಂದ ವೀಬ್ಕೆಯ ಕೇಕು ಕಿಟಕಿಯ ಕಟ್ಟೆಯ ಮೇಲೆ, ಹೂಕುಂಡದ ಪಕ್ಕ ಕೂರುತ್ತಿತ್ತು. "ಮೇಜಿನಲ್ಲಿ ಜಾಗ ಎಲ್ಲಿದೆ?" ಎನ್ನುತ್ತಿದ್ದರು ಅತ್ತೆ. ಅಲ್ಲಿಟ್ಟದ್ದಕ್ಕೆ ಯಾರೂ ಕೈ ಚಾಚುವುದಿಲ್ಲ. ಅದು ಹೋದ ಹಾಗೆಯೇ ಮನೆಗೆ ಮರಳುತ್ತಿತ್ತು. ಮುಂದಿನ ವಾರವಿಡೀ ಅಸ್ಮುಸ್ ಅದನ್ನು ಮಾತಿಲ್ಲದೆ ತಿಂದು ಮುಗಿಸುತ್ತಿದ್ದ. ತಾಯಿಗೆ ಎದುರಾಡಲಾರದವನ ಪ್ರಾಯಶ್ಚಿತ್ತ! ಈ ವರ್ಷವೂ ಶುಕ್ರವಾರವೇ ತನ್ನ ಮನೆಯಲ್ಲಿ ಪದರಗಳನ್ನು ಬೇಯಿಸಿ, ಬಟ್ಟೆ ಮುಚ್ಚಿಟ್ಟು ಬಂದಿದ್ದಳು. ಸೋಲಬಾರದು ಎಂಬ ಹಟ ಅವಳಿಗೂ ಇತ್ತು.

ಅಗ್ಗದ ಸಾಮಾನಿಗಾಗಿ ಶನಿವಾರದ ಗಡಿ ದಾಟುವಿಕೆ ಆ ದಿನವೂ ಎಂದಿನಂತೆ ಜಾತ್ರೆಯೇ. ಬಿಯರಿನ ಪೆಟ್ಟಿಗೆಗಳ ಮೇಲೆ ಪೆಟ್ಟಿಗೆ ಪೇರಿಸುತ್ತಿದ್ದ ಅಸ್ಮುಸ್‌ಗೆ ಹಾನ್ಸಿನೆ, "ಇಷ್ಟು ತುಂಬಿದ್ರೆ ನಾನೆಲ್ಲಿ ಕೂರ್ಲಿ? ನಿನ್ನ ಹೆಂಡ್ತಿ ತೊಡೆ ಮೇಲಾ?" ಎಂದರು. "ನೀವು ಇಲ್ಲೇ ಇರಿ, ಮುಂದಿನ ವಾರ ಖಾಲಿ ಬಾಟಲಿ ಕೊಡೋಕೆ ಬಂದಾಗ ವಾಪಸ್ ತಗೊಂಡ್ ಹೋಗ್ತೀನಿ" ಎಂದ ಅಸ್ಮುಸ್. ಸಿಲ್ಲೆ ನಕ್ಕು ನಕ್ಕು ಲಿಕರಿಸ್ ಮಿಠಾಯಿಯ ಡಬ್ಬಿ ಕೆಳಗೆ ಬೀಳಿಸಿದಳು. ಸಂತೆಯಲ್ಲಿ ಎಲ್ಲರೂ ನಿಂತೇ ಹೆರಿಂಗ್ ಮೀನು ಇಟ್ಟ ಬನ್ನು ತಿಂದರು. ಅತ್ತೆ ಅರ್ಧ ತಿಂದು, ಉಳಿದದ್ದನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡದ್ದನ್ನು ವೀಬ್ಕೆ ನೋಡಿದಳು. ಆ ಬನ್ನಿಗೋಸ್ಕರವೇ ಫ್ಲೆನ್ಸ್‌ಬರ್ಗನ್ನು ಕ್ಷಮಿಸಿದ್ದೇನೆ ಎನ್ನುತ್ತಿದ್ದವರು ಬೊಟಿಲ್ಲಾ!

ಕಾಫಿ ಅಂಗಡಿಯಲ್ಲಿ ಅನುಮಾನ ನಿಜವಾಯಿತು. ಅಂಗಡಿಯಾಕೆ ಎರಡು ಬಗೆಯ ಹುರಿದ ಕಾಫಿ ಬೀಜಗಳನ್ನು ಚಮಚದಲ್ಲಿ ಅತ್ತೆಯ ಮೂಗಿನ ಬಳಿ ಹಿಡಿದಳು. ಅತ್ತೆ ಒಂದನ್ನು ಮೂಸಿದರು, ಇನ್ನೊಂದನ್ನು ಮೂಸಿದರು. ಆಮೇಲೆ ತಿರುಗಿ ಕೇಳಿದರು:

"ನಿಂಗೆ ಯಾವುದು ಸರಿ ಅನ್ಸತ್ತೆ, ವೀಬ್ಕೆ?"

ಹದಿನೆಂಟು ವರ್ಷದ ಸಂಸಾರದಲ್ಲಿ ಅತ್ತೆ ಅವಳ ಅಭಿಪ್ರಾಯ ಕೇಳಿದ್ದು ಅದೇ ಮೊದಲು! ಆ ಕಣ್ಣುಗಳಲ್ಲಿ ಪ್ರಶ್ನೆಯಿರಲಿಲ್ಲ, ಹೆದರಿಕೆಯಿತ್ತು. ವೀಬ್ಕೆಗೆ ಹೊಳೆಯಿತು. ಮೂಗು ಸತ್ತಿದೆ... ಇವರ ಮೂಗು ಸತ್ತಿದೆ!

ಸಂಜೆ ಮನೆಗೆ ಬಂದು ತನ್ನ ಪದರಗಳ ಮೇಲಿನ ಬಟ್ಟೆ ಸರಿಸಿ ನಿಂತಾಗ ಅವಳ ಮನಸ್ಸಿನಲ್ಲಿ ನಡೆದದ್ದು ಅವಳಿಗೂ ದೇವರಿಗೂ ಮಾತ್ರ ಗೊತ್ತು. ಏನೂ ಮಾಡಬೇಕಿಲ್ಲ. ಸುಮ್ಮನಿದ್ದರೆ ಸಾಕು. ನಾಳೆ ಹಾನ್ಸಿನೆ ಮೊದಲ ತುತ್ತಿಗೇ ಮುಖ ಕಿವಿಚುತ್ತಾರೆ. ಎಲ್ಲರ ಕಣ್ಣು ಕಿಟಕಿಯ ಕಟ್ಟೆಯತ್ತ ಹೊರಳುತ್ತದೆ. ಎಷ್ಟು ಸುಲಭ! ಎಷ್ಟು ನ್ಯಾಯ! ಮರುಗಳಿಗೆ ಕಾಫಿ ಅಂಗಡಿಯ ಆ ಕಣ್ಣುಗಳು ಎದುರಿಗೆ ಬಂದವು. ಸೋತವಳ ಕಣ್ಣಲ್ಲ ಅವು, ಸೋತದ್ದನ್ನು ಒಬ್ಬಳೇ ಹೊತ್ತು ತಿರುಗುತ್ತಿರುವವಳ ಕಣ್ಣು. ಹೆಂಗಸಿಗೆ ಆ ಭಾರದ ಗುರುತು ಸಿಗುತ್ತದೆ. ಹೀಗೆ ಗೆದ್ದು ಆ ಮೇಜಿಗೆ ಹೋಗುವುದಕ್ಕಿಂತ ಹೂಕುಂಡದ ಪಕ್ಕವೇ ಮೇಲು ಎನಿಸಿತು ಅವಳಿಗೆ. ಪದರಗಳನ್ನು ಡಬ್ಬಿಗೆ ಹಾಕಿಕೊಂಡು ಪಕ್ಕದ ಬೀದಿಯ ಅತ್ತೆಯ ಮನೆಗೆ ನಡೆದಳು.

ಬೊಟಿಲ್ಲಾ ಕೆನೆ ಕಡೆಯುತ್ತಿದ್ದರು.

"ಅತ್ತೆ, ನಿಮ್ಮ ಬೀಜ ಕಮಟಾಗಿದೆ."

ಕಡೆಗೋಲು ನಿಂತಿತು. "ಏನಂದೆ?"

"ಬೆಳಿಗ್ಗೆನೇ ಗೊತ್ತಾಯ್ತು. ಈ ಪದರ ನಾಳೆ ಮೇಜಿಗೆ ಹೋಗಬಾರದು."

"ನನ್ನ ಮನೇಲಿ ನಿಂತು ನನ್ನ ಕೇಕಿಗೆ ಹೆಸರಿಡ್ತೀಯಾ? ನಿಂದನ್ನ ನಡುವೆ ಇಡಿಸ್ಬೇಕು ಅಂತ ಈ ನಾಟಕಾನಾ? ಹೋಗೇ! ಗಡಿಯಾಚೆಯವಳ ಬುದ್ಧಿ ಎಲ್ಲಿ ಹೋಗತ್ತೆ!"

ವೀಬ್ಕೆ ಕದಲಲಿಲ್ಲ. ಗೋಡೆಯ ಕಪಾಟಿನಿಂದ ವಿನಿಗರ್ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ಅದರ ಹೆಸರು ಕಾಣದ ಹಾಗೆ ಅಂಗೈಯಲ್ಲಿ ಮುಚ್ಚಿ ಅತ್ತೆಯ ಮುಖದ ಹತ್ತಿರ ಹಿಡಿದಳು.

"ಇದೇನು ಹೇಳಿ. ಹೇಳಿಬಿಡಿ, ಈಗಲೇ ಹೊರಟುಹೋಗ್ತೀನಿ."

ಬೊಟಿಲ್ಲಾ ಉಸಿರೆಳೆದರು. ಮತ್ತೊಮ್ಮೆ ಎಳೆದರು. ಅಷ್ಟು ಕಟುವಾದ ವಿನಿಗರ್... ರೆಪ್ಪೆಯೂ ಅಲುಗಲಿಲ್ಲ. ಆಮೇಲೆ ಆ ದೊಡ್ಡ ಹೆಂಗಸು ಸ್ಟೂಲಿನ ಮೇಲೆ ಕುಸಿದು ಕೂತು, ಏಪ್ರನ್ನಿನಿಂದ ಮುಖ ಮುಚ್ಚಿಕೊಂಡರು.

"ಚಳಿಗಾಲದ ಆ ಜ್ವರ... ಜ್ವರ ಹೋಯ್ತು, ಇದು ವಾಪಸ್ ಬರಲೇ ಇಲ್ಲ. ಸಿಹಿ, ಉಪ್ಪು ನಾಲಿಗೆಗೆ ಗೊತ್ತಾಗತ್ತೆ, ಉಳಿದಂತೆ ಏನು ತಿಂದ್ರೂ ಕಾಗದ ಅಗಿದ ಹಾಗೆ. ಅಸ್ಮುಸ್ ಅಪ್ಪನ ಕೋಟು ಬೀರುವಲ್ಲಿ ಹಾಗೇ ಇಟ್ಟಿದ್ದೆ ಕಣೇ. ಅವರ ಪೈಪಿನ ಹೊಗೆಸೊಪ್ಪಿನ ವಾಸನೆ ಅದ್ರಲ್ಲಿತ್ತು. ಈಗ ಮುಖ ಹುದುಗಿಸಿದ್ರೂ... ಬರೀ ಬಟ್ಟೆ! ಅವರು ಇನ್ನೊಂದ್ಸಲ ಹೋದ ಹಾಗಾಯ್ತು..."

ವೀಬ್ಕೆ ನೆಲದ ಮೇಲೆ ಮಂಡಿಯೂರಿ ಕೂತು ಆ ಕೈ ಹಿಡಿದುಕೊಂಡಳು. ಕೆನೆ ಮೆತ್ತಿದ ಕೈ. ಮೊದಲ ಸಲ ಅದು ಹಿಂದಕ್ಕೆ ಸರಿಯಲಿಲ್ಲ.

"ಯಾರಿಗಾದ್ರೂ ಹೇಳಬಹುದಿತ್ತಲ್ಲ, ಅತ್ತೆ?"

"ಯಾರಿಗೆ? ಹಾನ್ಸಿನೆಗಾ? ಊರಿನ ಎಲ್ಲಾ ಅಡುಗೆಮನೆಗೂ ಮೂಗು ಹಾಕಿದವಳು ನಾನು. ಅದೇ ಹೋದ ಮೇಲೆ ನಂದು ಅಂತ ಏನಿದೆ? ನಾಳೆ ಏನ್ ಮಾಡ್ಲಿ? ಹೊಸ ಬೀಜ ತರಬಹುದು, ಬ್ರೆಡ್ಡು? ಅದು ವಾರ ಒಣಗಬೇಕಲ್ಲ. ಪುಡಿಯೆಲ್ಲ ಮುಗೀತು..."

ವೀಬ್ಕೆ ಡಬ್ಬಿಯ ಮುಚ್ಚಳ ತೆಗೆದಳು. "ಇದಕ್ಕೆ ನಿಮ್ಮ ಕೈಯಾರೆ ಕೆನೆ ಹಚ್ಚಿ. ನಾಳೆ ಇದು ನಿಮ್ಮದು."

ಬೊಟಿಲ್ಲಾ ಪದರಗಳನ್ನು ನೋಡಿದರು, ಸೊಸೆಯನ್ನು ನೋಡಿದರು. "ಮತ್ತೆ ನಿಂದು?"

"ನಂದು ಹೇಗಿದ್ರೂ ಯಾರೂ ತಿನ್ನಲ್ವಲ್ಲ."

ಕುಹಕವಿಲ್ಲದೆ ಆಡಿದ ಮಾತು ಅದು. ಅದಕ್ಕೇ ಇರಬೇಕು, ಬಾಣದಂತೆ ನಾಟಿತು. ಬೊಟಿಲ್ಲಾ ತುಟಿ ಕಚ್ಚಿಕೊಂಡರು. "ಯಾರಿಗೂ ಹೇಳಬೇಡ" ಎಂದಷ್ಟೇ ಹೇಳಿ ಕೆನೆ ಹಚ್ಚುವ ಚಾಕು ಕೈಗೆತ್ತಿಕೊಂಡರು.

ಭಾನುವಾರ ಮನೆ ತುಂಬಿ ತುಳುಕಿತು. ನಿನ್ನೆ ಕೊಂಡು ತಂದ ಕಾಫಿ ಕುದಿಯಿತು, ಮಕ್ಕಳು ತೋಟದಲ್ಲಿ ಬಿದ್ದ ಸೇಬುಗಳನ್ನು ಒದೆಯುತ್ತ ಓಡಾಡಿದರು, ತಟ್ಟೆಗಳು ಕೈಯಿಂದ ಕೈಗೆ ಸಾಗಿದವು. ನಡುವಿನ ಗಾಜಿನ ತಟ್ಟೆಯ ಕೇಕಿಗೆ ಎಲ್ಲರ ಚಮಚವೂ ಬಿತ್ತು. ಹಾನ್ಸಿನೆ ಕಣ್ಣು ಮುಚ್ಚಿ ತಿಂದರು.

"ಬೊಟಿಲ್ಲಾ, ಸತ್ಯ ಹೇಳ್ತೀನಿ ಕಣೇ, ಇಷ್ಟು ವರ್ಷದಲ್ಲಿ ಇಂಥಾದ್ದು ನೀನು ಮಾಡಿರಲಿಲ್ಲ! ಬೀಜ ಹೇಗೆ ಹುರಿದಿದೀಯ!"

ಬಾಗಿಲ ಬಳಿ ಕಾಫಿ ಕೆಟಲು ಹಿಡಿದು ನಿಂತಿದ್ದ ವೀಬ್ಕೆಯ ಮೈ ಜುಮ್ಮೆಂದಿತು. ನನ್ನದು! ಎಂದು ಒಳಗೆ ಯಾರೋ ಕೂಗಿದರು. ಅಜ್ಜಿಯೇ ಇರಬೇಕು. ಹೇಳಿಕೊಳ್ಳಲಾಗದ ಹೆಮ್ಮೆಯೂ ಹೆಮ್ಮೆಯೇ ಎಂದುಕೊಂಡು ಅವಳು ಬಟ್ಟಲು ತುಂಬಿಸುತ್ತ ಹೋದಳು. ಆಗ ಹಾನ್ಸಿನೆಯ ಕಣ್ಣು ಕಿಟಕಿಯ ಕಟ್ಟೆಯ ಮೇಲೆ ಬಿತ್ತು. ಅಲ್ಲಿ ಹೂಕುಂಡವೊಂದೇ ಇತ್ತು.

"ಏನಮ್ಮಾ ವೀಬ್ಕೆ, ಈ ಸಲ ನಿಂದೆಲ್ಲಿ?"

ಎಲ್ಲರೂ ಅವಳತ್ತ ತಿರುಗಿದರು.

"ಅದು... ಸೀದುಹೋಯ್ತು."

"ಅಮ್ಮಾ!" ಸಿಲ್ಲೆ ತಲೆಯೆತ್ತಿದಳು. "ಸೀದಿತ್ತಾ? ಶುಕ್ರವಾರ ನಾನೇ ನೋಡಿದ್ನಲ್ಲ..."

"ಸೀದುಹೋಯ್ತು ಅಂದ್ನಲ್ಲ, ಸಿಲ್ಲೆ."

ಹಾನ್ಸಿನೆ ನಕ್ಕರು. "ಕೈ ಬೀಸ್ಕೊಂಡು ಕಾಫಿ ಮೇಜಿಗೆ ಬಂದ ಸೊಸೇನ ಈಗಲೇ ನೋಡಿದ್ದಪ್ಪ! ಅಲ್ಲಮ್ಮ, ನಿನ್ನೆ ಫ್ಲೆನ್ಸ್‌ಬರ್ಗಲ್ಲಿ ಒಂದು ಕೊಂಡಾದ್ರೂ ತರಬಾರದಿತ್ತಾ? ನಿಮ್ಮವರ ಅಂಗಡೀಲಿ ಅಗ್ಗಕ್ಕೆ ಸಿಗತ್ತಲ್ಲ!"

ಒಂದೆರಡು ನಗು ಕೇಳಿಸಿದವು. ವೀಬ್ಕೆಯ ಮುಖಕ್ಕೆ ರಕ್ತ ನುಗ್ಗಿತು. ಅವಳು ಅತ್ತೆಯ ಕಡೆ ನೋಡಲಿಲ್ಲ. ಕೊಟ್ಟ ಮಾತು ಕೊಟ್ಟದ್ದೇ. ಬೆನ್ನು ನೆಟ್ಟಗಿಟ್ಟುಕೊಂಡು, "ಇನ್ನೊಂದು ಬಟ್ಟಲು ಹಾಕ್ಲಾ?" ಎಂದು ಕೇಳಿದಳು.

ಟಣ್ಣೆಂದು ಚಮಚ ತಟ್ಟೆಯ ಮೇಲೆ ಬಿತ್ತು. ಬೊಟಿಲ್ಲಾ ಎದ್ದು ನಿಂತಿದ್ದರು.

"ಹಾನ್ಸಿನೆ, ಬಾಯಿ ಒರೆಸ್ಕೊ. ನೀನು ಹೊಗಳಿ ಹೊಗಳಿ ತಿಂತಿರೋದು ಅವಳ ಕೇಕು."

"ಅತ್ತೆ, ಬೇಡ..."

"ನೀನು ಸುಮ್ಮನಿರು! ನನ್ನದು ನಿನ್ನೆನೇ ಕಸದ ತೊಟ್ಟಿಗೆ ಹೋಯ್ತು. ಕಮಟು ಹಿಡಿದ ಬೀಜ ಹಾಕಿದ್ದೆ. ಗೊತ್ತಾಗಲಿಲ್ಲ, ಯಾಕಂದ್ರೆ ನನ್ನ ಮೂಗು ಸತ್ತು ತಿಂಗಳುಗಳಾಯ್ತು. ಕೇಳಿಸ್ತಾ ಎಲ್ರಿಗೂ? ಬೊಟಿಲ್ಲಾ ಮೂಗು ಸತ್ತಿದೆ. ಆದ್ರೆ ಕಿವಿ ಸತ್ತಿಲ್ಲ, ಹಾನ್ಸಿನೆ! ನನ್ನ ಮಾನ ಉಳಿಸೋಕೆ ತನ್ನ ಮಾನ ಕಳ್ಕೊಂಡು ಕೆಟಲು ಹಿಡಿದು ನಿಂತಿರೋಳನ್ನ ನನ್ನ ಮನೇಲೇ ಯಾರಾದ್ರೂ ಆಡ್ಕೊಂಡ್ರೆ ಕೇಳಿಸ್ಕೊಂಡು ಕೂರೋಷ್ಟು ಸತ್ತಿಲ್ಲ!"

ಬೊಟಿಲ್ಲಾರ ಧ್ವನಿ ಒಡೆಯಿತು, ಆದರೆ ತಲೆ ಬಾಗಲಿಲ್ಲ.

"ಇಷ್ಟು ವರ್ಷ ಅಗ್ಗದ್ದು ಹುಡುಕ್ಕೊಂಡು ಶನಿವಾರ ಶನಿವಾರ ಗಡಿ ದಾಟಿದೆ. ಆ ಕಡೆಯಿಂದ ಬಂದ ಬೆಲೆಬಾಳೋದನ್ನ ಹೂಕುಂಡದ ಪಕ್ಕ ಇಟ್ಟೆ. ಅಸ್ಮುಸ್, ನೀನಾದ್ರೂ ಒಂದು ಮಾತು ಹೇಳಬಾರದಿತ್ತೇನೋ ದಡ್ಡ?"

"ಹೇಳೋಕೆ ಬಾಯಲ್ಲಿ ಯಾವಾಗ್ಲೂ ಕೇಕಿರ್ತಿತ್ತಲ್ಲಮ್ಮ" ಎಂದ ಅಸ್ಮುಸ್. ಎಲ್ಲರೂ ನಕ್ಕರು, ಅವನು ಮಾತ್ರ ಕಣ್ಣೊರೆಸಿಕೊಂಡ. ಅವನು ಎದ್ದು ಬಂದು ಹೆಂಡತಿಯ ಕೈಯಿಂದ ಕೆಟಲನ್ನು ತೆಗೆದುಕೊಂಡ. ಹಾನ್ಸಿನೆ ಖಾಲಿ ತಟ್ಟೆಯನ್ನು ಮುಂದೆ ಚಾಚಿದರು. "ಇನ್ನೊಂದು ತುಂಡು ಹಾಕಮ್ಮ" ಎಂದರು ಮೆಲ್ಲಗೆ. ಅವರ ಮಟ್ಟಿಗೆ ಅದು ದೊಡ್ಡ ಕ್ಷಮಾಪಣೆ.

ಬೊಟಿಲ್ಲಾ ತಮ್ಮ ಪಕ್ಕದ ಕುರ್ಚಿ ಎಳೆದು, ಬೆಳ್ಳಿಯ ಕೇಕು ಚಾಕುವನ್ನು ಸೊಸೆಯ ಕೈಗಿಟ್ಟರು. ಅವರ ಅತ್ತೆ ಅವರಿಗೆ ಕೊಟ್ಟಿದ್ದ ಚಾಕು ಅದು.

"ನಂಗೊಂದು ತುಂಡು ಕತ್ತರಿಸು. ತಿಂತೀನಿ. ಹೇಗಿದೆ ಅಂತ ನೀನೇ ಹೇಳ್ಬೇಕು."

ವೀಬ್ಕೆ ಚಾಕು ಇಳಿಸಿದಳು, ತುಂಡು ನೆಟ್ಟಗೆ ಬಂತು. ಬೊಟಿಲ್ಲಾ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ವೀಬ್ಕೆ ಅವರ ಕಿವಿಯ ಹತ್ತಿರ ಬಗ್ಗಿ, ಕಣ್ಣೀರಿನ ನಡುವೆಯೇ ಹೇಳುತ್ತ ಹೋದಳು. "ಮೊದಲು ಕೆನೆ, ಅತ್ತೆ... ತಣ್ಣಗೆ. ಆಮೇಲೆ ಕರಂಟ್ ಹಣ್ಣಿನ ಹುಳಿ, ನಾಲಿಗೆಯ ಅಂಚಿಗೆ ಸ್ವಲ್ಪ ಚುರ್ ಅನ್ನತ್ತೆ. ಆಮೇಲೆ ಬ್ರೆಡ್ಡು, ಮಳೆ ಬಿದ್ದ ಮಣ್ಣಿನ ಹಾಗೆ. ಕೊನೇಲಿ ಹುರಿದ ಬೀಜ..."

ಬೊಟಿಲ್ಲಾ ನಿಧಾನವಾಗಿ ಅಗಿದರು, ನುಂಗಿದರು. ಮುಚ್ಚಿದ ಕಣ್ಣಿನಿಂದ ಒಂದು ಹನಿ ಇಳಿದು ಗಲ್ಲಕ್ಕೆ ಬಂತು. ಇಡೀ ಮೇಜು ಕಾಯುತ್ತಿತ್ತು.

"ಸಕ್ಕರೆ ಸ್ವಲ್ಪ ಕಮ್ಮಿ ಆಗಿರಬೇಕು" ಎಂದರು.

ವೀಬ್ಕೆ ಒಂದು ಚೂರು ಬಾಯಿಗಿಟ್ಟು ನೋಡಿದಳು. ನಿಜವಾಗಿಯೂ ಒಂದು ಚಿಟಿಕೆ ಕಡಿಮೆಯಾಗಿತ್ತು!

"ಹೌದು ಅತ್ತೆ" ಎಂದಳು, ಅಳುತ್ತ ನಗುತ್ತ. "ಮುಂದಿನ ವರ್ಷ ನೀವು ಅಳತೆ ಹಾಕಿ. ನಾನು ಮೂಸಿ ನೋಡ್ತೀನಿ."