ಮಾಂಸದ ಮನೆಗೆ ಬಂದ ಕಾಳು

ಕುದಿಯುತ್ತಿದ್ದ ಕಾಳಿನ ಪಾತ್ರೆ ಗೋಡೆಗೆ ಬಡಿದು ನೆಲಕ್ಕುರುಳಿತು. ಬಿಸಿನೀರು ಸೊಸೆಯ ಪಾದದ ಮೇಲೆ ಚೆಲ್ಲಿತು. ಪಾಪ, ಅವಳು ಕಾಲು ಎಳೆದುಕೊಂಡು ಗೋಡೆಗೊರಗಿದಳು...

“ಎರಡು ಕೆ.ಜಿ.! ಬರೀ ಎರಡು ಕೆ.ಜಿ.ಗೆ ನನ್ನ ಮಗ ಸೋತು ಬಂದ!” ಮಾವ ಅಬ್ಬರಿಸಿದ. “ಕಟುಕನ ಮನೇಲಿ ಹುಟ್ಟಿದವನಿಗೆ ಕಾಳು ತಿನ್ನಿಸ್ತೀಯಾ? ಅವನೇನು ಪಾರಿವಾಳಾನಾ?”

ಮೂವತ್ತು ವರ್ಷದಿಂದ ಮಾಂಸದಂಗಡಿ ನಡೆಸಿದವನು ಅವನು. ಬೆರಳಿನಿಂದ ಒತ್ತಿ ನೋಡಿ ಕುರಿಯ ವಯಸ್ಸು ಹೇಳುತ್ತಿದ್ದ. ಒಬ್ಬನೇ ಮಗ ಭಾರ ಎತ್ತುವ ತಂಡಕ್ಕೆ ಸೇರಬೇಕೆಂಬುದು ಅವನ ಬಾಳಿನ ಆಸೆ. ನಿನ್ನೆಯ ಆಯ್ಕೆ ಪಂದ್ಯದಲ್ಲಿ ಮಗ ಎರಡು ಕೆ.ಜಿ. ಕಮ್ಮಿ ಎತ್ತಿದ್ದರಿಂದ ಅದು ಕೈತಪ್ಪಿತ್ತು.

“ಅಪ್ಪಾ, ಕಾಳು ಕೇಳಿದ್ದು ನಾನು,” ಎಂದ ಮಗ. “ಪ್ರೋಟೀನ್ ಅಳತೆ ಸರಿಯಾಗಿದ್ರೆ ಸಾಕು, ಮಾಂಸಾನೇ ಆಗ್ಬೇಕಂತಿಲ್ಲ ಅಂತ ಕೋಚೇ ಹೇಳಿದ್ರು.”

“ಹೆಂಡ್ತಿ ಪರ ವಕೀಲಿಕೆ ಮಾಡ್ಬೇಡ! ಇವಳು ಇವತ್ತೇ ಈ ಮನೆ ಬಿಡ್ಬೇಕು!”

ಸೊಸೆ ತಲೆಯೆತ್ತಿದಳು. “ಹೋಗ್ತೀನಿ ಮಾವ. ಆದ್ರೆ ನಿನ್ನೆ ಬೆಳಗ್ಗೆ ಅವರ ಹೆಗಲ ಮೇಲೆ ವ್ಯಾನಿನ ನಲವತ್ತು ಕುರಿ ಹೊರಿಸಿದ್ದು ಯಾರು? ಊದಿದ ಭುಜ ಹೊತ್ಕೊಂಡು ಹೋದ್ರಲ್ಲ... ಅದೂ ಕಾಳಿನ ತಪ್ಪಾ?”

ವ್ಯಾನಿನಿಂದ ಮಾಂಸ ಇಳಿಸುವುದಕ್ಕೆ ಮನೆಯ ಗಂಡಸರೇ ಹೆಗಲು ಕೊಡಬೇಕು, ಕೂಲಿಯವರು ಮುಟ್ಟಬಾರದು. ಅದು ಆ ಮನೆಯ ಪದ್ಧತಿ. ಪಂದ್ಯದ ದಿನವೂ ಅಪ್ಪ ಅದನ್ನು ಬಿಟ್ಟಿರಲಿಲ್ಲ. ಮಾವನಿಗೆ ನಿಜ ಚುಚ್ಚಿತು. ಮೂಳೆ ಒಡೆಯುವ ಕೊಡತಿ ಕೈಗೆ ಸಿಕ್ಕಿತು. ಬೀಸಿಯೇಬಿಟ್ಟ! ತಲೆಗೆ ಅಡ್ಡ ಹಿಡಿದ ಅವಳ ಬಲಗೈ ಮಣಿಕಟ್ಟಿನಲ್ಲಿ ಲಟಕ್ಕೆಂದಿತು. ಆ ಸದ್ದು ಅವನಿಗೆ ದಿನವೂ ಕೇಳಿ ಗೊತ್ತಿದ್ದದ್ದೇ...

ಮಗ ಹಾರಿಬಂದು ಅಪ್ಪನ ಕುತ್ತಿಗೆ ಹಿಡಿದು ಗೋಡೆಗೆ ಅದುಮಿದ. ಮುಷ್ಟಿ ಮೇಲೆದ್ದಿತು.

“ಬೇಡ ಕಣೋ! ಕೊಂದ್ಬಿಡ್ತೀಯ!” ತಾಯಿ ನಡುವೆ ನುಗ್ಗಿದಳು. ಮುಷ್ಟಿ ಅಪ್ಪನ ಕಿವಿಯ ಪಕ್ಕ ಗೋಡೆಗೆ ಬಿದ್ದು, ಗಾರೆ ಉದುರಿ, ರಕ್ತ ಇಳಿಯಿತು. ತಾಯಿ ಗಂಡನ ಅಂಗಿ ಹಿಡಿದು ಅಲುಗಾಡಿಸಿದಳು.

“ರೀ, ಇನ್ನು ನನ್ನ ಬಾಯಿ ಮುಚ್ಚೋಕಾಗಲ್ಲ! ಎದೆನೋವು ಬಂದಾಗ ಡಾಕ್ಟರು ಮಾಂಸ ಕಮ್ಮಿ ಮಾಡಿ ಅಂದ್ರು. ನೀವು ಚೀಟಿ ಹರಿದು ಎಸೆದ್ರಿ. ಅವತ್ತಿಂದ ಇವಳೇ ಕಾಳು ಅರೆದು, ಅದೇ ಮಸಾಲೆ ಹಾಕಿ ಉಂಡೆ ಕಟ್ಟಿ ಕೊಡ್ತಿದ್ದಾಳೆ. ಐದು ತಿಂಗಳಿಂದ ನಿಮ್ಮ ಬುತ್ತಿಯ ಕೈಮಾ ಉಂಡೇಲಿ ಕೈಮಾನೇ ಇಲ್ಲ!”

ಅವನು ತನ್ನ ಕೈಯನ್ನೇ ನೋಡಿಕೊಂಡ. “ಹಾಗಾದ್ರೆ... ಈ ಕೈಗೆ ಬಲ...”

“ಅವಳು ಹಾಕಿದ ಕಾಳೇ ರೀ! ಅದೇ ಕೈಯಲ್ಲಿ ಅವಳ ಕೈ ಮುರಿದ್ರಿ...”

ಕೊಡತಿ ನೆಲಕ್ಕೆ ಬಿತ್ತು.

ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಅವಳ ಕೈಗೆ ಪಟ್ಟಿ ಕಟ್ಟುತ್ತಾ, “ಮಾಂಸವೋ ಕಾಳೋ, ಯಾವುದಾದ್ರೂ ಸರಿ, ಹೊಟ್ಟೆ ತುಂಬಾ ಕೊಡಿ. ಮೂಳೆ ಕೂಡುತ್ತೆ. ಆದ್ರೆ ಮಣಿಕಟ್ಟು ಮೊದಲಿನ ಹಾಗೆ ಬಗ್ಗೋದು ಕಷ್ಟ,” ಎಂದರು. ಮಗ ಹೆಂಡತಿಯನ್ನು ಕರೆದುಕೊಂಡು ಎರಡು ಬೀದಿಯಾಚೆ ಬಾಡಿಗೆ ಕೋಣೆ ಹಿಡಿದ.

ಮರುದಿನದಿಂದ ವ್ಯಾನಿನ ಬಳಿ ಕೂಲಿಯವರು ಬಂದರು. ಮಾವ ತಾನೇ ಕಾಳು ನೆನೆಸಿ, ಮೆತ್ತಗೆ ಬೇಯಿಸಿ, ತೊಳೆದ ಕೊಡತಿಯಲ್ಲೇ ಜಜ್ಜಿ, ದಪ್ಪ ಬೆರಳುಗಳಲ್ಲಿ ಸೊಟ್ಟಸೊಟ್ಟ ಉಂಡೆ ಕಟ್ಟಿ, ಡಬ್ಬಿಯನ್ನು ಮಗ-ಸೊಸೆಯ ಬಾಗಿಲಲ್ಲಿಟ್ಟು ಬರುತ್ತಿದ್ದ. ಸಂಜೆ ಹೋದರೆ ಡಬ್ಬಿ ತುಂಬಿದ್ದ ಹಾಗೇ ಇರುತ್ತಿತ್ತು. ಹೀಗೆ ಮೂವತ್ತು ದಿನ...

ಮೂವತ್ತೊಂದನೆಯ ದಿನ ಬಾಗಿಲು ತೆರೆಯಿತು. ಸೊಸೆ ಅಲ್ಲೇ ನಿಂತು ಒಂದು ಉಂಡೆ ಮುರಿದು ಬಾಯಿಗಿಟ್ಟಳು.

“ಉಪ್ಪು ಜಾಸ್ತಿಯಾಗಿದೆ, ಮಾವ.”

“ನಾಳೆ ಕಮ್ಮಿ ಹಾಕ್ತೀನಮ್ಮಾ...” ಎಂದ ಮುದುಕ.

ಅವಳು ಡಬ್ಬಿ ತೆಗೆದುಕೊಂಡು ಒಳಗೆ ಹೋದಳು. ಎಡಗೈಯಲ್ಲಿ.