ಅರಗು ಹಾಕಿದ ಬಾಯಿ

“ಆ ಮಡಕೆ ಬಾಯಿಗೆ ಹಾಕಿರೋ ಅರಗು ಮಾತ್ರ ಕೀಳ್ಬೇಡಿ ಮೇಡಂ.” ಸತ್ತ ಶಿಲ್ಪಿಯ ಅಣ್ಣನ ದನಿ ತಗ್ಗಿತು. “ಗಂಟಲ ಕಾಯಿಲೇಲಿ ನನ್ನ ತಂಗಿ ದನಿ ಹೋಯ್ತು. ಇನ್ನೊಬ್ಬರದ್ದಾದ್ರೂ ಬೇಕು ಅಂತ ಹಟಕ್ಕೆ ಬಿದ್ದು, ತಾನೇ ಮಾಡಿದ ಈ ಮಡಕೆಗೆ ಮಾಟ ಮಾಡಿಸಿದ್ಲು. ಅದರ ಮುಂದೆ ಯಾರನ್ನ ಕೂಗಿ ಕರೀತೀರೋ ಅವರ ದನೀನ ನುಂಗುತ್ತೆ ಅದು. ಕೊನೆಗೆ ಅವಳೇ ಹೆದರಿ ಬಾಯಿ ಮುಚ್ಚಿದ್ಲು.”

ಕ್ಯುರೇಟರ್ ನಕ್ಕಳು. “ಇದನ್ನೇ ಪ್ರದರ್ಶನದ ಗೋಡೆ ಮೇಲೆ ಬರೆದು ಹಾಕ್ತೀನಿ ಬಿಡಿ. ಜನ ಮುಗಿಬೀಳ್ತಾರೆ.”

“ಒಂದು ವೇಳೆ ನುಂಗಿದ್ರೆ, ಅರಗು ಕಿತ್ತವರೇ ಅದಕ್ಕೆ ಬಾಯಿಟ್ಟು ತಮ್ಮ ಹೆಸರು ಹೇಳ್ಬೇಕು. ಅದೂ ಹೊತ್ತು ಮುಳುಗೋದ್ರೊಳಗೆ. ಆಗ ಅವರ ದನಿ ಅದಕ್ಕೆ ಹೋಗಿ, ನುಂಗಿದ್ದು ವಾಪಸ್ ಬರುತ್ತೆ; ತಡವಾದ್ರೆ ನುಂಗಿದ ದನಿ ಹೋದಂಗೇ.”

ಅವಳಾಗಲೇ ಮಡಕೆಯನ್ನು ಪೆಟ್ಟಿಗೆಗಿಳಿಸುತ್ತಿದ್ದಳು.

ಯಾವ ಗ್ಯಾಲರಿಯ ಸಂಬಳಕ್ಕೂ ಸೇರದೆ, ಜಾಗ ಹುಡುಕಿ, ಕಲಾವಿದರ ಕೈಕಾಲು ಹಿಡಿದು, ತಾನೇ ಮೊಳೆ ಹೊಡೆದು ಪ್ರದರ್ಶನ ಕಟ್ಟುವವಳು ಅವಳು. ಈ ಸಲ ಸಿಕ್ಕಿದ್ದು ಮುಚ್ಚಿಹೋದ ಮುದ್ರಣಾಲಯ. ಕಿಟಕಿಯಿಲ್ಲದ ಹಜಾರ, ಗೋಡೆಗಳಲ್ಲಿ ಇನ್ನೂ ಆರದ ಶಾಯಿಯ ವಾಸನೆ. ಸಹಾಯಕ್ಕೆ ತಂಗಿ ಪುಟ್ಟಿ ಇದ್ದಳು. ಮಕ್ಕಳಿಗೆ ಹಾಡು ಕಲಿಸುವ ಟೀಚರ್. ಅಕ್ಕ ಕರೆದರೆ ಪಾಠ ಬಿಟ್ಟು ಓಡಿಬರುವವಳು.

ಉದ್ಘಾಟನೆಯ ಬೆಳಿಗ್ಗೆ ಮಡಕೆಯನ್ನು ಪೀಠದ ಮೇಲಿಟ್ಟು ದೀಪ ಹಾಕಿದಾಗ, ಅದರ ಬಾಯಿಯ ಸುತ್ತ ಮೂಡಿಸಿದ್ದ ಮಣ್ಣಿನ ತುಟಿಗಳ ನಡುವಿನ ಅರಗು ಹುಣ್ಣಿನ ಹಾಗೆ ಕಂಡಿತು. ನೋಟವೇ ಕೆಡುತ್ತಿದೆ ಎಂದು ಕ್ಯುರೇಟರ್ ಬ್ಲೇಡು ತೆಗೆದುಕೊಂಡಳು.

ಚಟ್ ಎಂದಿತು.

ಸುಟ್ಟ ಕೂದಲಿನ ನಾತ. ಔಷಧದ ನಾತ. ಬಹುಕಾಲ ಮುಚ್ಚಿದ್ದ ಗಂಟಲಿನ ಬಿಸಿ ಉಸಿರು. ದೀಪಗಳೆಲ್ಲ ಒಟ್ಟಿಗೇ ಆರಿದವು. ಕತ್ತಲಲ್ಲಿ ಯಾರೋ ಉಸಿರೆಳೆದುಕೊಂಡರು. ಉದ್ದಕ್ಕೆ. ಒಳಕ್ಕೆ. ಅವಳ ಮುಂಗುರುಳು ಮಡಕೆಯತ್ತ ಬಾಗಿತು.

“ಪುಟ್ಟೀ!” ಎಂದು ಕ್ಯುರೇಟರ್ ಚೀರಿದಳು.

ಬೆಳಕು ಬಂತು. ಏಣಿಯ ಬಳಿ ಪುಟ್ಟಿ ನಿಂತಿದ್ದಳು. ತುಟಿ ಆಡುತ್ತಿತ್ತು. ಸದ್ದಿಲ್ಲ. ಮಡಕೆಯೊಳಗಿಂದ ತೆಳ್ಳಗೆ, ತೇವವಾಗಿ, ಪೀಠದ ಬಳಿಯಿದ್ದ ಅಕ್ಕನಿಗೆ ಮಾತ್ರ ಕೇಳಿಸಿತು: “ಅಕ್ಕಾ...”

ಕ್ಯುರೇಟರ್‌ಗೆ ಅರ್ಥವಾಯಿತು. ಏನು ಮಾಡಬೇಕೆಂಬುದೂ ಗೊತ್ತಿತ್ತು. ಆದರೆ ಸಂಜೆ ಭಾಷಣವಿತ್ತು. ವಿಮರ್ಶಕರು, ದೂರದ ಮ್ಯೂಸಿಯಂಗಳವರು. ವರ್ಷಗಟ್ಟಲೆ ಕಾದಿದ್ದ ಸಂಜೆ. ತನ್ನ ದನಿ ಇವತ್ತೇ ಹೋಗಬೇಕೇ? ಮುಗಿದ ಮೇಲೆ ಮಾಡಿದರಾಯಿತು. ಸ್ವಲ್ಪ ಹೊತ್ತು ಆಚೀಚೆಯಾದರೆ ಏನಂತೆ.

“ಧೂಳಿಗೆ ಗಂಟಲು ಕಟ್ಟಿದೆ ಕಣೇ,” ಎಂದಳು. “ಬಿಸಿನೀರು ಕುಡಿ, ಸರಿಹೋಗುತ್ತೆ.”

ಪುಟ್ಟಿ ನಂಬಿ ತಲೆಯಾಡಿಸಿದಳು. ಆ ತಲೆಯಾಟ ದಿನವಿಡೀ ಅಕ್ಕನ ಎದೆಯಲ್ಲಿ ಮುರಿದ ಮುಳ್ಳಿನಂತೆ ಕೂತಿತು.

ಸಂಜೆ ಜನ ಮಡಕೆಯ ಸುತ್ತಲೇ ನೆರೆದರು. “ಸ್ಪೀಕರ್ ಎಲ್ಲಿಟ್ಟಿದ್ದೀರಿ? ಅದ್ಭುತ!” ಎಂದರು. ಮೂಲೆಯಲ್ಲಿ ನೀರಿನ ಲೋಟ ಹಿಡಿದ ಪುಟ್ಟಿ ತನ್ನದೇ ದನಿಯನ್ನು ಕಿವಿಗೊಟ್ಟು ಆಲಿಸುತ್ತಿದ್ದಳು. ಕ್ಯುರೇಟರ್ ಅತ್ತ ನೋಡಲಿಲ್ಲ. ಮೈಕಿನ ಮುಂದೆ ನಿಂತಳು. ಮಾತಿನ ನಡುವೆ ಮಡಕೆ ನರಳಿತು: “ಅಕ್ಕಾ, ಉಸಿರು ಕಟ್ತಿದೆ.”

ಅದು ಕೇಳದಿರಲೆಂದು ಅವಳು ದನಿ ಏರಿಸಿದಳು.

ಚಪ್ಪಾಳೆ ಮುಗಿದು ಕೊನೆಯ ಅತಿಥಿ ಹೊರಟಾಗ ಬೀದಿದೀಪಗಳು ಹೊತ್ತಿದ್ದವು. ಅವಳು ಓಡಿದಳು. ಮಂಡಿಯೂರಿದಳು. ತಣ್ಣನೆಯ ಮಣ್ಣಿನ ತುಟಿಗೆ ತುಟಿಯಿಟ್ಟು ತನ್ನ ಹೆಸರು ಹೇಳಿದಳು. ನಾಲಗೆಯ ಬುಡವನ್ನು ಏನೋ ಕಚ್ಚಿತು. ಎಳೆಯಿತು. ಗಂಟಲು ಬರಿದಾಯಿತು. ಮಡಕೆ ಬಿರಿದು ಹೋಳಾಯಿತು.

“ಅಕ್ಕಾ.”

ತಿರುಗಿ ನೋಡಿದಳು. ತುಟಿ ಆಡಿದ್ದು ಪುಟ್ಟಿಯದೇ. ದನಿ ಪುಟ್ಟಿಯದಲ್ಲ. ದಪ್ಪ, ಕೊಂಚ ಒಡಕು. ಈಗಷ್ಟೇ ಮೈಕಿನಲ್ಲಿ ಮೆರೆದ ದನಿ.

ಪುಟ್ಟಿ ಗಂಟಲು ಮುಟ್ಟಿಕೊಂಡಳು. ಸ್ವರ ಹಿಡಿಯಲು ನೋಡಿದಳು, ಕರ್ಕಶವಾಗಿ ಒಡೆಯಿತು. “ಇದು ನಿನ್ನ ದನಿ. ನನ್ನದೆಲ್ಲಿ?” ಅವಳ ಕಣ್ಣು ಮಡಕೆಯ ಹೋಳುಗಳಿಂದ ಅಕ್ಕನ ಮುಖಕ್ಕೆ ಬಂದು ನಿಂತಿತು. “ಏನು ಮಾಡ್ಬೇಕು ಅಂತ ಬೆಳಿಗ್ಗೇನೇ ಗೊತ್ತಿತ್ತಲ್ವಾ ನಿಂಗೆ? ಭಾಷಣ ಮುಗೀಲಿ ಅಂತ ಕಾದ್ಯಾ?”

ಕ್ಯುರೇಟರ್ ಬಾಯಿ ತೆರೆದಳು. ಇಲ್ಲ ಎಂದು ಸುಳ್ಳು ಹೇಳುವಷ್ಟೂ ದನಿ ಉಳಿದಿರಲಿಲ್ಲ.