ಖಾಲಿ ವಸಡಿನ ಅಚ್ಚು

ಬೇರೆ ಯಾರದೋ ಅಚ್ಚು ನನ್ನ ಕೈಗೆ ಬಂದಿತ್ತೇ? ಹಾಗಾಗಲು ಸಾಧ್ಯವಿರಲಿಲ್ಲ. ಸಂಗೀತದ ಮೇಷ್ಟ್ರ ಬಾಯಿಂದ ಅದನ್ನು ಆಗಷ್ಟೇ ತೆಗೆದಿದ್ದೆ. ಕಟ್ಟುಹಲ್ಲಿನ ಕಂಬಿ ಕೂರಲೆಂದು ಅವರ ಪಕ್ಕದ ಹಲ್ಲುಗಳಲ್ಲಿ ನಾನು ಕೊರೆದಿದ್ದ ಸಣ್ಣ ಗುಳಿಗಳೂ ಅದರಲ್ಲಿ ಮೂಡಿದ್ದವು. ಆದರೆ ಅವರ ಮುಂದಿನ ಎರಡು ಹಲ್ಲು ಬಿದ್ದು ಆರು ವರ್ಷವಾಗಿತ್ತು. ಬರೀ ವಸಡಿದ್ದ ಆ ಜಾಗದಲ್ಲಿ, ಅಚ್ಚಿನಲ್ಲಿ ಎರಡು ಹಲ್ಲುಗಳ ಆಳವಾದ ಗುರುತಿತ್ತು.

"ಏನ್ ಡಾಕ್ಟ್ರೇ, ನನ್ನ ಬಾಯಿ ನೋಡಿ ನಿಮ್ಮ ಬಾಯೇ ಕಟ್ಟೋಯ್ತಾ?" ಎಂದರು ಮೇಷ್ಟ್ರು.

"ಸುಮ್ನಿರಿ ನೀವು," ಎಂದು ಅವರ ಹೆಂಡತಿ ಗದರಿದರು. "ಡಾಕ್ಟ್ರೇ, ಹೋದ ಸಲ ಮಾಡಿಸಿದ್ದು ಇವರ ಹಲ್ಲಿನ ಥರ ಇರ್ಲಿಲ್ಲ. ಅದನ್ನ ಡಬ್ಬೀಲಿಟ್ಟು ಹಾಡೋದನ್ನೇ ಬಿಟ್ಬಿಟ್ರು. ಇದೇ ಕೊನೇ ಸಲ ಅಂತ ಒಪ್ಪಿಸಿ ಕರ್ಕೊಂಡ್ ಬಂದಿದೀನಿ."

ತಣ್ಣೀರಿನಲ್ಲಿ ಹೊಸದಾಗಿ ಅಚ್ಚಿನ ಪುಡಿ ಕಲಸಿ ಇನ್ನೊಮ್ಮೆ ಅಚ್ಚು ತೆಗೆದೆ. ಮತ್ತೆ ಅದೇ ಎರಡು ಹಲ್ಲು. ಅಚ್ಚೆಲ್ಲ ತಣ್ಣಗಿತ್ತು, ಆ ಎರಡು ಕುಳಿಗಳು ಮಾತ್ರ ಜ್ವರ ಬಂದ ಹಣೆಯಂತೆ ಬೆಚ್ಚಗಿದ್ದವು. ನನಗೆ ಹೆದರಿಕೆಯಾಗಲಿಲ್ಲ. ತುಂಬ ದೊಡ್ಡವರೊಬ್ಬರು ಕೋಣೆಗೆ ಬಂದಂತಾಗಿ ಎದ್ದು ನಿಂತೆ.

ಆ ಕುಳಿಗಳಿಗೇ ಮೇಣ ಎರೆದು, ಬಂದ ಆಕಾರದಲ್ಲೇ ಹಲ್ಲು ಮಾಡಿದೆ. ವಾರದ ನಂತರ ಮೇಷ್ಟ್ರು ಅವನ್ನು ಹಾಕಿಕೊಂಡು ಕನ್ನಡಿಯ ಮುಂದೆ ಮೆಲ್ಲಗೆ ಒಂದು ಸ್ವರ ಹಿಡಿದರು. ಅವರ ಹೆಂಡತಿ ಹತ್ತಿರ ಬಂದು ಎಡಗಡೆಯ ಹಲ್ಲಿನ ತುದಿಯನ್ನು ಮುಟ್ಟಿದರು.

"ಈ ಮುಕ್ಕು ಮದುವೆಗೆ ಮುಂಚೇನೇ ಇತ್ತು. ನಿಮಗ್ಯಾರು ಹೇಳಿದ್ರು ಡಾಕ್ಟ್ರೇ?"

"ಅವರ ಕೈಗುಣ ಕಣೇ," ಎಂದು ಮೇಷ್ಟ್ರು ಬಾಯಿತುಂಬ ನಕ್ಕರು.

ಆ ಹಲ್ಲುಗಳಿಗೆ ಆಕಾರ ಕೊಟ್ಟವನು ನಾನಲ್ಲ ಎಂದು ಅವರಿಗೆ ಇವತ್ತಿನವರೆಗೂ ಹೇಳಿಲ್ಲ.